ಬೇರೊಬ್ಬರು ತೆರೆದಿದ್ದಾರೆ

ಭಾನುವಾರ ಊಟಕ್ಕೆ ಬಂದ ಭಾವಮೈದ ಊಟ ಮಾಡಿಕೊಂಡು ತನ್ನ ಪಾಡಿಗೆ ತಾನು ಹೋಗಿದ್ದರೆ ಗುಮಾಸ್ತನ ಸೋಮವಾರ ಎಲ್ಲ ಸೋಮವಾರಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಅವನು ಕಂಪ್ಯೂಟರ್ ರಿಪೇರಿಯವನು. ಕೈ ಸುಮ್ಮನಿರಲಿಲ್ಲ.

"ಭಾವ, ಆಫೀಸಿನ ದಾಖಲೆ ನೋಡೋಕೆ ಆಫೀಸಿಗೇ ಯಾಕೆ ಹೋಗ್ಬೇಕು? ಮನೆ ಕಂಪ್ಯೂಟರಿಗೇ ಹಾಕ್ಕೊಡ್ತೀನಿ ತಾಳಿ" ಎಂದು ಹತ್ತು ನಿಮಿಷ ಕೀಲಿಮಣೆ ಕುಟ್ಟಿದ. ಗುಮಾಸ್ತನ ಸ್ವಂತ ಫೋಲ್ಡರಿನ ಪಕ್ಕದಲ್ಲಿ ಅದೇ ಹಳದಿ ಬಣ್ಣದ, ಅದೇ ಗಾತ್ರದ ಇನ್ನೊಂದು ಫೋಲ್ಡರು ಬಂದು ಕೂತಿತು.

"ಇದು ಈಗ ನಮ್ಮನೇಲಿ ಇದೆಯಾ?"

"ಇಲ್ಲ ಭಾವ. ಇರೋದು ಹೆಡ್ಡಾಫೀಸಲ್ಲಿ, ಮುನ್ನೂರು ಮೈಲಿ ಆಚೆ. ಇಲ್ಲೇ ಇರೋ ಹಾಗೆ ಕಾಣುತ್ತೆ ಅಷ್ಟೆ. ಮನೆ ಬೀರು ಥರ ತೆಗೀಬಹುದು, ಇಡಬಹುದು."

"ಅಷ್ಟು ದೂರ ಇರೋದು ಇಷ್ಟು ಹತ್ರ ಕಾಣೋದು ಒಳ್ಳೇದಲ್ಲ ಕಣಪ್ಪ."

"ನಿಮಗೆ ಎಲ್ಲಕ್ಕೂ ಭಯ" ಎಂದು ಭಾವಮೈದ ನಕ್ಕು ಎದ್ದುಹೋದ.

ಅದೇನೋ ನಿಜವೇ. ಗುಮಾಸ್ತನಿಗೆ ಎಲ್ಲಕ್ಕೂ ಭಯ. ಅವನು ಕೆಲಸ ಮಾಡುವುದು ಹಳೆಯ ದಾಖಲೆಗಳ ಕಚೇರಿಯಲ್ಲಿ. ಹುಳ ತಿಂದ ಅರ್ಜಿ, ಪತ್ರ, ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಹೆಡ್ಡಾಫೀಸಿನ ಆ ದೊಡ್ಡ ಫೋಲ್ಡರಿಗೆ ಸೇರಿಸುವುದು ಅಲ್ಲಿಯ ಕಸುಬು. ಕಚೇರಿಯಲ್ಲಿ ಯಾರು ಏನು ಅಂದರೂ ಅವನಿಗೆ ಎದುರುತ್ತರ ಹೊಳೆಯುತ್ತಿದ್ದುದು ಬಸ್ಸು ಹತ್ತಿ ಕೂತ ಮೇಲೆ. ಹಾಗೆ ಹೊಳೆದದ್ದನ್ನೆಲ್ಲ ಒಂಬತ್ತು ವರ್ಷದಿಂದ ಮನೆಯ ಕಂಪ್ಯೂಟರಿನಲ್ಲಿ ಒಂದೇ ಫೈಲಿನಲ್ಲಿ ಬರೆದಿಡುತ್ತ ಬಂದಿದ್ದ. ಫೈಲಿನ ಹೆಸರು 'ಹೇಳಬೇಕಿತ್ತು'. ಇನ್ನೂರಕ್ಕೂ ಮೇಲೆ ಪುಟ. ಸಾಹೇಬರು ಎಲ್ಲರೆದುರು ಉಗಿದ ದಿನ ಅವನು ಬರೆದದ್ದು ಇದು: 'ಸಾರ್, ತಪ್ಪು ನನ್ನದಲ್ಲ ಅನ್ನಿಸುತ್ತದೆ. ತಮಗೂ ಹಾಗೇ ಅನ್ನಿಸಿದರೆ ಸಂತೋಷ.' ಇದನ್ನು ಬರೆದ ರಾತ್ರಿ ತಾನು ಹೀಗೆಲ್ಲ ಬರೆಯಬಾರದಿತ್ತೆಂದು ಅವನಿಗೆ ನಿದ್ದೆ ಬಂದಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಕಚೇರಿಯ ಕಂಪ್ಯೂಟರಿನಲ್ಲಿ ದೊಡ್ಡ ಫೋಲ್ಡರು ತೆರೆದವನು ಕುರ್ಚಿಯಿಂದ ಅರ್ಧ ಎದ್ದ. ನೂರು ವರ್ಷದ ಹಿಂದಿನ ಒಂದು ಕೆರೆಯ ನಕ್ಷೆಗೂ ಯಾರದೋ ಉಯಿಲಿಗೂ ನಡುವೆ ಕೂತಿತ್ತು 'ಹೇಳಬೇಕಿತ್ತು'. ಭಾನುವಾರ ಸಂಜೆ ಫೈಲುಗಳನ್ನು ಓರಣ ಮಾಡುವಾಗ ಅದನ್ನು ಇದ್ದಲ್ಲಿಂದ ಎತ್ತಿ ಒಂದು ಹಳದಿ ಬಿಟ್ಟು ಇನ್ನೊಂದು ಹಳದಿಯೊಳಕ್ಕೆ ಹಾಕಿಬಿಟ್ಟಿದ್ದ.

ಅಳಿಸಲು ಹೋದ. ಪರದೆಯ ಮೇಲೆ ಒಂದು ಡಬ್ಬಿ ಎದ್ದು ನಿಂತಿತು: 'ಈ ಫೈಲನ್ನು ಬೇರೊಬ್ಬರು ತೆರೆದಿದ್ದಾರೆ. ಈಗ ಅಳಿಸಲು ಆಗುವುದಿಲ್ಲ.' ಕೆಳಗೆ ಇನ್ನೂ ಏನೋ ಸಣ್ಣ ಅಕ್ಷರ ಇತ್ತು. ಹಾವು ಕಂಡವನಂತೆ ಗುಮಾಸ್ತ ಅದನ್ನು ತಟ್ಟನೆ ಮುಚ್ಚಿದ.

ಬೇರೊಬ್ಬರು! ಅಂದರೆ ಈ ಗಳಿಗೆಯಲ್ಲಿ ಯಾರೋ ಓದುತ್ತಿದ್ದಾರೆ. ಸಾಹೇಬರೇ ಇದ್ದರೆ ಸಂಜೆಯೊಳಗೆ ಕೆಲಸ ಹೋಯಿತು. ಭಾವಮೈದನಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದ. ಎತ್ತಲಿಲ್ಲ.

"ಏನ್ರೀ, ಬನ್ನಿ, ಟೀ ಕುಡಿಯೋಣ. ನಾನೇ ಕೊಡಿಸ್ತೀನಿ" ಎಂದ ಪಕ್ಕದ ಮೇಜಿನ ಟೈಪಿಸ್ಟ್, ಬಾಗಿಲ ಹತ್ತಿರ ನಿಂತು.

ಗುಮಾಸ್ತ ಎದ್ದು ಅವನ ಹತ್ತಿರ ಹೋದ. ದಿನವೂ ತನ್ನ ಬುತ್ತಿಯ ಅರ್ಧ ಊಟವನ್ನು ಕೇಳದೆ ತಿನ್ನುವ ಈ ಮನುಷ್ಯ ಒಂಬತ್ತು ವರ್ಷದಲ್ಲಿ ಒಂದು ಲೋಟ ನೀರು ಕೊಟ್ಟವನಲ್ಲ. ಇವತ್ತು ಟೀ! ಓದಿದ್ದಾನೆ, ಅನುಮಾನವೇ ಇಲ್ಲ.

"ತಪ್ಪು ತಿಳ್ಕೋಬೇಡಿ" ಎಂದ ಗುಮಾಸ್ತ ಕೈಮುಗಿದು. "ನಿಮ್ಮ ವಿಷಯ ಬರೆದದ್ದು ಹೊಟ್ಟೆ ಹಸಿದಿದ್ದಾಗ. ಮನಸ್ಸಲ್ಲಿ ಇಟ್ಕೋಬೇಡಿ."

"ನನ್ನ ವಿಷಯ? ಏನು ಬರೆದ್ರಿ?"

"ಓದಿಲ್ವಾ?"

"ಏನನ್ನ? ಮಧ್ಯಾಹ್ನ ನನ್ನ ಪಾಲಿನ ದಾಖಲೆ ಕಟ್ಟು ನೀವು ಸ್ಕ್ಯಾನ್ ಮಾಡ್ಕೊಡ್ತೀರಾ ಅಂತ ಕೇಳೋಕೆ ಟೀಗೆ ಕರೆದೆ. ಅದೇನ್ರೀ ಬರೆದಿದ್ದು?"

"ಏನಿಲ್ಲ, ಏನಿಲ್ಲ" ಎನ್ನುತ್ತ ಗುಮಾಸ್ತ ತನ್ನ ಮೇಜಿಗೆ ಓಡಿ ಮತ್ತೆ ಅಳಿಸಲು ನೋಡಿದ. ಅದೇ ಡಬ್ಬಿ. ಮತ್ತೆ ಮುಚ್ಚಿದ. ಟೈಪಿಸ್ಟ್ ಬಾಗಿಲ ಹತ್ತಿರವೇ ನಿಂತು ಇವನನ್ನು ದುರುಗುಟ್ಟಿ ನೋಡುತ್ತಿದ್ದ.

ಹಾಗಾದರೆ ಹೆಡ್ ಕ್ಲರ್ಕ್ ಮೇಡಂ? ಅವರ ಕೋಣೆಯ ಗಾಜಿನ ಬಾಗಿಲಲ್ಲಿ ಇಣುಕಿದ. ಮೇಡಂ ಕಂಪ್ಯೂಟರಿನ ಮುಂದೆ ಕೂತು ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗುಮಾಸ್ತ ಬಾಗಿಲು ತಳ್ಳಿ ಒಳಗೆ ಹೋದ. ರಜೆ ಕೇಳಿದಾಗಲೆಲ್ಲ 'ಯಾಕೆ, ಯಾರಿಗೇನಾಯ್ತು' ಎಂದು ಅರ್ಧ ಗಂಟೆ ವಿಚಾರಣೆ ಮಾಡುತ್ತಾರೆಂದು ಅವರ ಮೇಲೆ ಮೂವತ್ತು ಪುಟ ಬರೆದಿದ್ದ.

"ಮೇಡಂ, ದಯವಿಟ್ಟು ಅಳಬೇಡಿ. ಮುಂದಕ್ಕೆ ಓದಲೂ ಬೇಡಿ. ಮುಂದೆ ಇನ್ನೂ ಜಾಸ್ತಿ ಇದೆ."

"ಯಾರ್ರೀ ಅಳ್ತಿರೋದು? ಕಣ್ಣಿಗೆ ಔಷಧಿ ಹಾಕ್ಕೊಂಡಿದೀನಿ. ಮುಂದೆ ಏನು ಜಾಸ್ತಿ ಇದೆ?"

ಗುಮಾಸ್ತ ಬಾಗಿಲ ಕಡೆ ತಿರುಗಿದ. ಅಷ್ಟರಲ್ಲಿ ಹಿಂದೆಯೇ ಬಂದ ಟೈಪಿಸ್ಟ್ ಹೇಳಿದ: "ನಮ್ಮ ಮೇಲೆಲ್ಲ ಏನೋ ಬರೆದಿದಾರಂತೆ ಮೇಡಂ. ನನ್ನ ಹತ್ರಾನೂ ಬಂದು ಕೈ ಮುಗಿದ್ರು."

"ನನ್ನ ಮೇಲೂನಾ? ಏನಂತ?"

ಉತ್ತರ ಕೊಡುವಷ್ಟರಲ್ಲಿ ಸಾಹೇಬರ ಗಂಟೆ ಬಾರಿಸಿತು. ಕರೆದದ್ದು ಗುಮಾಸ್ತನನ್ನೇ.

ಒಳಗೆ ಹೋದವನಿಗೆ ಸಾಹೇಬರ ಮುಖ ಕಾಣಲಿಲ್ಲ, ಕನ್ನಡಕದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಕಂಪ್ಯೂಟರ್ ಮಾತ್ರ ಕಂಡಿತು.

"ಕೂತ್ಕೊಳ್ಳಿ" ಎಂದರು ಸಾಹೇಬರು.

ಆ ಕುರ್ಚಿಯಲ್ಲಿ ಅವನನ್ನು ಯಾರೂ ಎಂದೂ ಕೂರಿಸಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ.

"ಬೆಳಿಗ್ಗೆಯಿಂದ ಇದನ್ನೇ ಓದ್ತಾ ಇದೀನಿ. ಇದು ನೀವು ಹಾಕಿದ್ದು ತಾನೇ?"

"ಸಾರ್!" ಗುಮಾಸ್ತ ಕೈಮುಗಿದ. "ತಪ್ಪಾಯ್ತು ಸಾರ್. ತಮ್ಮಂಥ ದೊಡ್ಡವರ ಬಗ್ಗೆ ಹಾಗೆಲ್ಲ ಬರೀಬಾರದಿತ್ತು. ಅದನ್ನು ನಾನು ಮನೇಲಿ ನನಗೋಸ್ಕರ ಬರ್ಕೊಂಡಿದ್ದು. ಹೆಂಡತಿ ಮಕ್ಕಳು ಇದಾರೆ ಸಾರ್, ಕೆಲಸದಿಂದ ತೆಗೀಬೇಡಿ."

ಸಾಹೇಬರು ಕನ್ನಡಕ ತೆಗೆದರು. ಕಂಪ್ಯೂಟರಿನಲ್ಲಿ ಇದ್ದದ್ದು ಯಾವುದೋ ಕಾಲದ ಒಂದು ಗಡಿ ತಕರಾರಿನ ಅರ್ಜಿ, ತಲೆಕೆಳಗಾಗಿ ಸ್ಕ್ಯಾನ್ ಆದದ್ದು. "ನೀವು ನಿಂತ್ರೆ ಬೆಳಕಿಗೆ ಅಡ್ಡ ಆಗುತ್ತೆ ಅಂತ ಕೂತ್ಕೊಳ್ಳಿ ಅಂದೆ. ಈಗ ಹೇಳಿ, ನನ್ನ ಬಗ್ಗೆ ಏನು ಬರೆದಿದೀರಿ?"

ಆಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. "ಒಂದೇ ನಿಮಿಷ ಸಾರ್" ಎಂದು ಗುಮಾಸ್ತ ಹೊರಗೆ ಹಾರಿದ. ಜೀವಮಾನದಲ್ಲಿ ಅವನು ಸಾಹೇಬರನ್ನು ಕಾಯಿಸಿದ್ದು ಇದೇ ಮೊದಲು.

"ಏನು ಭಾವ, ಹದಿನಾಲ್ಕು ಸಲ ಮಾಡಿದೀರಿ? ಯಾರದೋ ಮೇಜಿನ ಕೆಳಗಿದ್ದೆ."

ಗುಮಾಸ್ತ ಉಸಿರು ಬಿಡದೆ ಎಲ್ಲ ಹೇಳಿದ.

"ಯಾರು ತೆರೆದಿದಾರೆ ಅಂತ ಆ ಡಬ್ಬೀಲೇ ಇರುತ್ತಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ. ಓದಿ."

ಗುಮಾಸ್ತ ತನ್ನ ಮೇಜಿಗೆ ಹೋಗಿ, ಮತ್ತೆ ಅಳಿಸಲು ಒತ್ತಿ, ಎದ್ದ ಡಬ್ಬಿಯನ್ನು ಒಂದು ಕಣ್ಣು ಮುಚ್ಚಿಕೊಂಡು ಓದಿದ. ಅಲ್ಲಿದ್ದದ್ದು ಅವನದೇ ಹೆಸರು.

ಆ ಫೈಲು ಅಲ್ಲಿ ತೆರೆದೇ ಇದೆಯಾ ಎಂದು ತಕ್ಷಣ ಮನೆಗೆ ಫೋನು ಮಾಡಿದ. "ಹೌದು ಕಣ್ರೀ" ಎಂದಳು ಹೆಂಡತಿ. "ಬೆಳಿಗ್ಗೆ ತಿಂಡಿ ತಿಂತಾ ಏನೋ ಕುಟ್ತಾ ಇದ್ರಲ್ಲ, ಅದು ಹಾಗೇ ಬಿದ್ದಿದೆ. ಬಸ್ಸು ಬಂತು ಅಂತ ಓಡಿದ್ರಿ."

"ಮುಚ್ಚೇ! ಈಗಲೇ ಮುಚ್ಚು!"

ಮುಚ್ಚಿದಳು. ಗುಮಾಸ್ತ ಅಳಿಸಿದ. ಒಂದು ಕ್ಷಣಕ್ಕೆ ಒಂಬತ್ತು ವರ್ಷ ಇಲ್ಲವಾಯಿತು. ಬೆಳಿಗ್ಗೆಯಿಂದ ಯಾರೂ ಒಂದಕ್ಷರ ಓದಿರಲಿಲ್ಲ. ಅವನಿಗೆ ನಗು ಬಂತು. ಕುರ್ಚಿ ತಿರುಗಿಸಿದ. ಹಿಂದೆ ಸಾಹೇಬರು, ಮೇಡಂ, ಟೈಪಿಸ್ಟ್ ಸಾಲಾಗಿ ನಿಂತಿದ್ದರು.

"ತೋರಿಸಿ" ಎಂದರು ಸಾಹೇಬರು.

"ಅಳಿಸಿಬಿಟ್ಟೆ ಸಾರ್."

"ಕಸದ ಬುಟ್ಟೀಲಿ ಇರುತ್ತೆ. ತೆಗೀರಿ" ಎಂದರು ಮೇಡಂ. ಬುಟ್ಟಿ ಖಾಲಿ. ಮತ್ತೆ ಭಾವಮೈದನಿಗೆ ಫೋನು ಹೋಯಿತು, ಈ ಸಲ ಎಲ್ಲರಿಗೂ ಕೇಳುವಂತೆ. "ಅದು ನಿಮ್ಮ ಕಂಪ್ಯೂಟರಲ್ಲಿ ಇರಲಿಲ್ಲವಲ್ಲ ಭಾವ. ದೂರದ್ದು ಅಳಿಸಿದ್ರೆ ನಮ್ಮ ಬುಟ್ಟಿಗೆ ಬರಲ್ಲ. ಹೋಯ್ತು ಅಂದ್ರೆ ಹೋಯ್ತು."

ಗುಮಾಸ್ತ ನೆನಪಿನಿಂದಲೇ ಹೇಳಿದ: "ಸಾರ್, 'ತಪ್ಪು ನನ್ನದಲ್ಲ ಅನ್ನಿಸುತ್ತದೆ, ತಮಗೂ ಹಾಗೇ ಅನ್ನಿಸಿದರೆ ಸಂತೋಷ.' ಇಷ್ಟೇ ಸಾರ್. ದೇವರಾಣೆ ಎಲ್ಲ ಇಂಥವೇ."



"ಇಷ್ಟಕ್ಕೆ ಕೆಲಸದಿಂದ ತೆಗೀಬೇಡಿ ಅಂತ ಯಾರಾದ್ರೂ ಅಳ್ತಾರೇನ್ರೀ?" ಎಂದರು ಸಾಹೇಬರು. "ನಾಳೆ ಬೆಳಿಗ್ಗೆ ಹತ್ತಕ್ಕೆ ಅಸಲಿ ಮಾತು ಬರೆದು ನನ್ನ ಮೇಜಿನ ಮೇಲಿಡಿ. ಮೆತ್ತಗಿದ್ರೆ ಮುಚ್ಚಿಡ್ತಾ ಇದೀರಿ ಅಂತ ಹೆಡ್ಡಾಫೀಸಿಗೆ ಬರೀತೀನಿ. ಖಾರವಾಗಿದ್ರೆ ಏನು ಮಾಡ್ಬೇಕು ಅಂತ ಓದಿ ನೋಡ್ತೀನಿ."

ಸಾಹೇಬರ ಕೋಣೆಯ ಬಾಗಿಲು ಮುಚ್ಚಿತು. ಗುಮಾಸ್ತ ಖಾಲಿ ಪುಟದ ಮುಂದೆ ಐದೂವರೆಯವರೆಗೂ ಕೂತ. ಒಂದು ಒಳ್ಳೆಯ ಬೈಗುಳವೂ ಹೊಳೆಯಲಿಲ್ಲ. ಕೊನೆಗೆ ಎದ್ದು, ಅಂಗೈ ಪ್ಯಾಂಟಿಗೆ ಒರೆಸಿಕೊಂಡು, ಗಾಜಿನ ಬಾಗಿಲು ತಟ್ಟಿದ.

"ಮೇಡಂ, ತೊಂದರೆ ಇಲ್ಲದಿದ್ರೆ... ನಿಮ್ಮನ್ನ ಯಾರಾದ್ರೂ ಬೈಯೋದಾದ್ರೆ ಏನಂತ ಬೈತಾರೆ?"