ಗಡಿ ಗೇಟಿನಲ್ಲಿ ತಡೆಹಿಡಿಯಲಾದ ಪುಂಡಿಪಲ್ಯದ ಡಬ್ಬಿ ಕುರಿತು

ಗಡಿ ತಪಾಸಣಾ ಇಲಾಖೆ, ಉಪ ಕಚೇರಿ, ಹುಮನಾಬಾದ
ಕ್ರಮಾಂಕ: ಗತಇ/ಅಡ್ಡಿ/ಪುಂಡಿ/14/2024-25
ದಿನಾಂಕ: 09-01-2025

ವಿಷಯ: ಗಡಿ ತಪಾಸಣೆಗೆ ಅಡ್ಡಿಪಡಿಸುವವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಬಗ್ಗೆ, ಹಾಗೂ ಒಂದು ಪ್ರಕರಣದಲ್ಲಿ ಹೂಡದೇ ಇದ್ದ ಬಗ್ಗೆ.
ಉಲ್ಲೇಖ: ಬಸವಕಲ್ಯಾಣ ಗಡಿ ಗೇಟಿನ ಕಾವಲುಗಾರ ಶ್ರೀ ಅಂಬರೀಷ ಇವರ ವರದಿ (ಎಣ್ಣೆ ಕಲೆ ಸಹಿತ).

1. ಗಡಿ ತಪಾಸಣೆಗೆ ಅಡ್ಡಿಪಡಿಸುವುದು ಜೈಲು ಶಿಕ್ಷೆಗೆ ಅರ್ಹವಾದ ಅಪರಾಧವೆಂದು ಎಲ್ಲರ ಗಮನಕ್ಕೆ ತರಲಾಗಿದೆ. ಹೀಗಿದ್ದೂ, ಕಳೆದ ಸೋಮವಾರ ಬೆಳಿಗ್ಗೆ ಮಹಾರಾಷ್ಟ್ರದ ಕಡೆ ಹೊರಟಿದ್ದ ಬಸ್ಸಿನಲ್ಲಿ ಮೋರಖಂಡಿಯ ಕೂಲಿ ಹೆಣ್ಣುಮಗಳು ಕಮಳಾಬಾಯಿ, ಬಟ್ಟೆಯಲ್ಲಿ ಬಿಗಿದು ಕಟ್ಟಿದ ಡಬ್ಬಿಯೊಂದಿಗೆ ಕಂಡುಬಂದಿರುತ್ತಾರೆ.

2. ಡಬ್ಬಿ ತೆರೆಯಲು ಶ್ರೀ ಅಂಬರೀಷ ಸೂಚಿಸಲಾಗಿ, ಸದರಿಯವರು, "ಬಸುರಿ ಮಗಳ ಬಯಕೀದು ಇದು. ಆಕಿಗಿಂತ ಮೊದಲ ಯಾರೂ ಮುಚ್ಚಳ ತೆಗೀಬಾರದ್ರಿ. ಬೇಕಾದ್ರ ನಿಮ್ಮವ್ವಗ ಕೇಳ್ರಿ!" ಎಂದಿರುತ್ತಾರೆ. ಏಳು ವರ್ಷದ ಸೇವೆಯಲ್ಲಿ ಗಾಂಜಾ ಹಿಡಿದಿದ್ದ ಶ್ರೀ ಅಂಬರೀಷರ ಬಳಿ ಇದಕ್ಕೆ ಯಾವುದೇ ನಮೂನೆ ಲಭ್ಯವಿರಲಿಲ್ಲ.

3. ಕಮಳಾಬಾಯಿಯವರನ್ನು ಕೆಳಗಿಳಿಸಿ ಬಸ್ಸು ಹೊರಟುಹೋಗಿದ್ದು, ಅವರು ಡಬ್ಬಿಯನ್ನು ಮಡಿಲಲ್ಲಿಟ್ಟು, ಗೇಟಿನ ಅಡ್ಡಕೋಲನ್ನು ತಬ್ಬಿಕೊಂಡು ರಸ್ತೆಯ ನಡುವೆಯೇ ಕುಳಿತಿರುತ್ತಾರೆ. ಇಪ್ಪತ್ತೆರಡು ಲಾರಿಗಳು ನಿಂತವು. ಕೆಳಗೆ ಸಹಿ ಮಾಡಿದ ಅಧಿಕಾರಿಯು ಫೋನಿನಲ್ಲಿ, "ಕೇಸ್ ಹಾಕ್ರಿ, ಒಳಗ ಕಳಸ್ರಿ" ಎಂದು ಆದೇಶಿಸಿರುತ್ತಾರೆ. ಶ್ರೀ ಅಂಬರೀಷ ದೂರಿನ ಹಾಳೆಯಲ್ಲಿ ಹೆಸರು ಬರೆದು, ತಲೆ ಎತ್ತಿ ಆಕೆಯ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿರುತ್ತಾರೆ. ತರುವಾಯ ಶ್ರೀ ಅಂಬರೀಷರೇ, ಗಡಿಯಾಚೆ ಗಂಡನ ಮನೆಯಲ್ಲಿದ್ದ ಕಮಳಾಬಾಯಿಯವರ ಮಗಳು ಮನೀಷಾಗೆ ಫೋನು ಹಚ್ಚಿರುತ್ತಾರೆ.

4. ಅರ್ಧ ತಾಸಿನಲ್ಲಿ ಗಂಡ ಸಂಘಪಾಲರ ಮೋಟರ್‌ಸೈಕಲ್ ಮೇಲೆ ಬಂದ ಏಳು ತಿಂಗಳ ಬಸುರಿ ಮನೀಷಾ, ಗೇಟಿನ ಆ ಬದಿಯಲ್ಲಿ ನಿಂತು, ಈ ಬದಿಗೆ ಕೈ ಚಾಚಿ ಮುಚ್ಚಳ ತೆಗೆದಿರುತ್ತಾರೆ. ಪುಂಡಿಪಲ್ಯ (ಹುಳಿಸೊಪ್ಪಿನದು) ಹಾಗೂ ಜೋಳದ ರೊಟ್ಟಿ ಪತ್ತೆಯಾದವು. "ಅವ್ವಾ, ಉಪ್ಪು ಕಡಿಮಿ ಆಗ್ಯಾದ" ಎಂದು ಮಗಳು ಹೇಳಿದ್ದೇ ತಡ, ತಾಯಿ ಅತ್ತಿರುತ್ತಾರೆ. ಕಣ್ಣೀರು ಸುಂಕಕ್ಕೆ ಒಳಪಡುವುದಿಲ್ಲ. ಉಳಿದದ್ದನ್ನು ಲಾರಿ ಚಾಲಕರಿಗೆ ಹಂಚಲಾಗಿದ್ದು, ಸಾಕ್ಷಿಗಳೆಲ್ಲರ ಬಾಯಿ ತುಂಬಿದ್ದರಿಂದ ಹೇಳಿಕೆ ಪಡೆಯಲಾಗಿಲ್ಲ.

5. ಆದಕಾರಣ ಇನ್ನು ಮುಂದೆ:
(ಅ) ಬಯಕೆಯ ಡಬ್ಬಿಯನ್ನು ಬಸುರಿಯೇ ತೆರೆಯತಕ್ಕದ್ದು.
(ಆ) ಗಂಡಸರ ಬಯಕೆಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.
(ಇ) ತಪಾಸಣೆಗೆ ಅಡ್ಡ ಕುಳಿತವರಿಗೆ ಸಿಬ್ಬಂದಿಯು ಚಾಪೆ ಹಾಸಿಕೊಡತಕ್ಕದ್ದಲ್ಲ. ಸದರಿ ಪ್ರಕರಣದಲ್ಲಿ ಹಾಸಿಕೊಟ್ಟಿರುವುದು ಕಂಡುಬಂದಿದೆ.

6. ದೂರು ಬರೆಯದಿರುವುದಕ್ಕೆ ಶ್ರೀ ಅಂಬರೀಷರು "ಪೆನ್ನು ನಡೀಲಿಲ್ಲರಿ ಸಾಹೇಬ್ರ" ಎಂದು ಸಮಜಾಯಿಷಿ ನೀಡಿರುತ್ತಾರೆ. ಅದನ್ನು ಒಪ್ಪಿ, ಅವರಿಗೆ ಒಂದು ಹೊಸ ಪೆನ್ನು ಮಂಜೂರು ಮಾಡಿ, ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
(ಸತೀಶಕುಮಾರ)
ಉಪ ಅಧಿಕಾರಿ

ಪ್ರತಿಗಳು:
1. ಗೇಟಿನ ಕಂಬಕ್ಕೆ, ಅಂಟಿಸಲು.
2. ಶ್ರೀಮತಿ ಕಮಳಾಬಾಯಿ, ಮೋರಖಂಡಿ: ಕಟ್ಟುನಿಟ್ಟಿನ ಎಚ್ಚರಿಕೆಗಾಗಿ. ಉಪ್ಪಿನ ವಿಷಯದಲ್ಲಿ ಇಲಾಖೆಗೆ ಅಭಿಪ್ರಾಯವಿಲ್ಲ.
3. ಶ್ರೀಮತಿ ಮನೀಷಾ: ಮಾಹಿತಿಗಾಗಿ. ಹೆರಿಗೆಗೆ ತವರಿಗೆ ಬರುವ ದಿನ ಗೇಟು ಎತ್ತಿಯೇ ಇಡಲಾಗುವುದು.