ಹುಳುವಿನ ಪುಡಿ ಮತ್ತು ನನ್ನ ಇಬ್ಬರು ಭಾವಮೈದುನರು

ಶಿಕಾರಿಪುರ ತಾಲ್ಲೂಕಿನ ಹುಳುಹುಪ್ಪಟೆಗಳೆಲ್ಲ ನನ್ನ ಹೆಸರು ಕೇಳಿದರೆ ಗಡಗಡ ನಡುಗುತ್ತವೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಾನು ವ್ಯವಸಾಯ ಇಲಾಖೆಯ ಡೆಮಾನ್‌ಸ್ಟ್ರೇಟರ್. ಹಳ್ಳಿಹಳ್ಳಿಗೆ ಸೈಕಲ್ ತುಳಿದು, ರೈತರನ್ನು ಕೂರಿಸಿಕೊಂಡು, ಡಿ.ಡಿ.ಟಿ. ಪುಡಿಯ ಮಹಿಮೆಯನ್ನು ಕೊಂಡಾಡುವುದೇ ನನ್ನ ಉದ್ಯೋಗ. ಜನ ನನ್ನನ್ನು ಪುಡಿ ಸಾಹೇಬರು ಎಂದೇ ಕರೆಯುತ್ತಿದ್ದರು. ತೊಗರ್ಸಿಯ ಜಟ್ಟಪ್ಪನೊಬ್ಬ ಮಾತ್ರ ಪ್ರತಿ ಸಭೆಯಲ್ಲೂ ಎದ್ದು ನಿಂತು ಏನಾದರೊಂದು ಅನುಮಾನ ಕೇಳಿ ನನ್ನ ಬಾಯಿ ಒಣಗಿಸುತ್ತಿದ್ದ.

ಇಂಥ ಮಹಾಶೂರನ ಸ್ವಂತ ಲಾನಿಗೇ ಹುಳು ಬಿತ್ತು!

ಲಾನ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ಐವತ್ತೆಂಟನೇ ಇಸವಿಯಲ್ಲಿ ಬೆಂಗಳೂರಿಗೆ ತರಬೇತಿಗೆ ಹೋಗಿ ಬಂದವನು, ಮನೆಯ ಮುಂದೆ ಇಪ್ಪತ್ತಡಿ ಉದ್ದಕ್ಕೆ ಗರಿಕೆ ನೆಟ್ಟು, ಕತ್ತರಿಯಿಂದ ಕ್ಷೌರ ಮಾಡಿ, ಅದಕ್ಕೆ ಆ ಹೆಸರಿಟ್ಟಿದ್ದೆ. ಶಿವಮೊಗ್ಗದ ಮೀಟಿಂಗಿನಲ್ಲಿ ಜಂಬ ಕೊಚ್ಚಿ, ಮೇಲಧಿಕಾರಿ ಪರಮಶಿವಪ್ಪನವರನ್ನು ನೋಡಲು ಕರೆದೂ ಬಿಟ್ಟಿದ್ದೆ. ಅವರು ಬರಲು ನಾಲ್ಕು ದಿನ ಇರುವಾಗ ಹುಲ್ಲು ಅಲ್ಲಲ್ಲಿ ಹಳದಿಯಾಯಿತು. ಕೆದಕಿ ನೋಡಿದರೆ ಬೇರಿನ ಬುಡದಲ್ಲಿ ಬಿಳೀ ದಪ್ಪ ಹುಳುಗಳು ಸುರುಳಿ ಸುತ್ತಿ ಸುಖವಾಗಿ ಮಲಗಿದ್ದವು.

ಸಂಜೆಯೇ ಡಿಪೋದಿಂದ ಪುಡಿಯ ಡಬ್ಬಿ ತಂದೆ. ಹೆಂಡತಿ ನೀಲಾಂಬಿಕ ಬಾಗಿಲಿಗೆ ಅಡ್ಡ ನಿಂತಳು. ಅದಕ್ಕೆ ಕಾರಣ ದೊಡ್ಡಯ್ಯ ಮತ್ತು ಸಣ್ಣಯ್ಯ. ಇವು ಎರಡು ಆಮೆಗಳು. ಸೊರಬದ ಅವಳ ತವರಿನ ಬಾವಿಯಲ್ಲಿದ್ದವನ್ನು ಅವಳ ತಂದೆ ಕಾಯಿಲೆಯಲ್ಲಿದ್ದಾಗಲೇ ಎದ್ದು ಬಂದು, ಕೈಯಾರೆ ಬುಟ್ಟಿಗಿಟ್ಟು ಮಗಳಿಗೆ ಕೊಟ್ಟಿದ್ದರು. ಅದೇ ಅವರ ಕಡೆಯ ಉಡುಗೊರೆ. ತವರಿನ ಕಡೆಯವರಾದ್ದರಿಂದ ನಾನು ಅವನ್ನು ಭಾವಮೈದುನರು ಎನ್ನುತ್ತಿದ್ದೆ. ಹಗಲೆಲ್ಲ ನನ್ನ ಲಾನಿನ ಮೇಲೆ ಅವರದೇ ದರ್ಬಾರು!

"ಅವು ಹುಲ್ಲೂ ತಿಂತಾವು, ಹುಳಾನೂ ತಿಂತಾವು. ನಿಮ್ಮ ಪುಡಿ ಬಿದ್ದದ್ದು ತಿಂದ್ರೆ ಉಳೀತಾವೇನ್ರಿ?" ಎಂದಳು.

ಬೇವಿನ ಹಿಂಡಿ ಹಾಕಿ, ನೀರು ನಿಲ್ಲಿಸಿ ಮೇಲೆ ಬಂದದ್ದನ್ನು ಕೈಯಲ್ಲೇ ಹೆಕ್ಕಿ ಎಂದೆಲ್ಲ ಸಲಹೆಯನ್ನೂ ಕೊಟ್ಟಳು. ಯಾರಿಗೆ? ಸಾಕ್ಷಾತ್ ಇಲಾಖೆಗೆ!

ಮರುದಿನ ಅವಳು ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಸೊರಬಕ್ಕೆ ಹೊರಟಳು. ಬರುವುದು ಮೂರು ದಿನ ಬಿಟ್ಟು. ಅವಳು ಬಾಯಿ ತೆರೆಯುವ ಮೊದಲೇ, ಆ ಡಬ್ಬಿ ಮುಟ್ಟುವುದಿಲ್ಲ ನಿನ್ನಾಣೆ ಎಂದುಬಿಟ್ಟೆ. ಅವಳು ನನ್ನನ್ನೊಮ್ಮೆ ನೋಡಿದಳು. ಏನೋ ಮರೆತವಳಂತೆ ಒಳಗೆ ಹೋಗಿ, ತುಸು ಹೊತ್ತಾದ ಮೇಲೆ ಕೈ ಒರೆಸಿಕೊಳ್ಳುತ್ತ ಬಂದು ಬಸ್ಸು ಹತ್ತಿದಳು.

ನಾನೇನು ಕಟುಕನಲ್ಲ. ಭಾವಮೈದುನರಿಬ್ಬರನ್ನೂ ಬಚ್ಚಲುಮನೆಯಲ್ಲಿ ಕೂಡಿಹಾಕಿ, ಸೊಪ್ಪು ನೀರು ಇಟ್ಟು, ಮೋರಿಗೆ ಇಟ್ಟಿಗೆ ಅಡ್ಡ ಕೊಟ್ಟೆ. ಆಮೇಲೆ, ರೈತರಿಗೆ ಬೋಧಿಸುವಂತೆಯೇ ಮೂಗಿಗೆ ವಸ್ತ್ರ ಬಿಗಿದು, ಡಬ್ಬಿಯಲ್ಲಿದ್ದಷ್ಟನ್ನೂ ಲಾನಿಗೆ ಎರಚಿದೆ. ಯುದ್ಧ ಗೆದ್ದ ದೊರೆಯಂತೆ ಮೀಸೆಯನ್ನೂ ತಿರುವಿದೆ.

ಅಧಿಕಾರಿಗಳು ಬರುವ ದಿನ ಬೆಳಗ್ಗೆ ಬಚ್ಚಲಿನ ಬಾಗಿಲು ತೆಗೆದರೆ ಒಳಗೆ ಸಣ್ಣಯ್ಯ ಒಬ್ಬನೇ! ಮೋರಿಯ ಇಟ್ಟಿಗೆ ಉರುಳಿಬಿದ್ದಿತ್ತು. ಲಾನಿನ ಅಂಚಿಗೆ ಓಡಿದೆ. ಅಲ್ಲಿ ಯಾರೋ ಹುಲ್ಲು ಕಚ್ಚಿದ ಗುರುತು. ಮಂಚದ ಅಡಿ, ಸೌದೆ ಕೊಟ್ಟಿಗೆ, ಬಾವಿಕಟ್ಟೆ ಎಲ್ಲಾ ಕಡೆ ಹುಡುಕಿದೆ. ಆಮೆ ಮಣ್ಣಿನಲ್ಲಿ ಹುದುಗಿಕೊಳ್ಳುತ್ತದೆ ಎಂದು ನೆನಪಾದದ್ದೇ ಗುದ್ದಲಿ ತಂದು ಲಾನನ್ನೇ ಅಗೆಯತೊಡಗಿದೆ. ಸತ್ತುಹೋದ ಮಾವನವರು ಆ ಬುಟ್ಟಿ ಹಿಡಿದು ನಿಂತದ್ದು ಕಣ್ಣ ಮುಂದೆ ಬಂತು. ಸುಳ್ಳು ಆಣೆ ಮಾಡಿದವನು ಅವಳಿಗೆ ಯಾವ ಮುಖ ತೋರಿಸಲಿ? ನನಗೆ ನಿಜವಾಗಿಯೂ ಅಳು ಬಂತು.

ಪರಮಶಿವಪ್ಪನವರ ಜೀಪು ಬಂದಾಗ ನಾನು ಕೆಸರಿನಲ್ಲಿ ಮಂಡಿಯೂರಿದ್ದೆ. ಲಾನ್ ಇದ್ದ ಕಡೆ ಕೆಂಪು ಮಣ್ಣು, ಪಕ್ಕದಲ್ಲಿ ಹೆಂಟೆಯ ಗುಡ್ಡೆ.

"ಸಾರ್, ಹುಳು ಒಂದೂ ಉಳಿದಿಲ್ಲ" ಎಂದೆ.

"ಹುಲ್ಲೂ ಉಳಿದಿಲ್ಲವಲ್ರೀ" ಎಂದರು ಅವರು.

ಆದರೂ ದೊಡ್ಡ ಮನುಷ್ಯರು. ಹೆಂಟೆಯ ಮೇಲಿನ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಸರಕು ಬಹಳ ಚೆನ್ನಾಗಿದೆ ಎಂದು ಸಮಾಧಾನ ಹೇಳಿದರು. ಅಷ್ಟರಲ್ಲೇ ಸೊರಬದ ಬಸ್ಸಿಳಿದು ನೀಲಾಂಬಿಕ ಬಂದಳು. ಅಧಿಕಾರಿಗಳ ಎದುರಿಗೇ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಪುಡಿ ಎರಚಿದ್ದು, ದೊಡ್ಡಯ್ಯ ಕಾಣೆಯಾದದ್ದು, ಆಣೆ ಸುಳ್ಳಾದದ್ದು.

ಅವಳು ಬೈಯಲಿಲ್ಲ. ಕೈಚೀಲ ಕೆಳಗಿಟ್ಟಳು.

"ಏಳ್ರಿ ಮ್ಯಾಲೆ. ನೀವು ಎರಚಿದ್ದು ನಮ್ಮ ಒಲೆ ಬೂದಿ. ಕೇಳೋಕೆ ಮುಂಚೇನೇ ಆಣೆ ಮಾಡಿದ್ರಲ್ಲ, ಆವಾಗ್ಲೇ ಗೊತ್ತಾತು ನನಗೆ. ನಿಮ್ಮ ಪುಡೀನ ಗಡಿಗೇಲಿ ಬಾಯಿ ಕಟ್ಟಿ ಕೊಟ್ಟಿಗೆ ತೊಲೆಗೆ ನೇತು ಹಾಕೀನಿ."

ಅದೇ ಹೊತ್ತಿಗೆ ಪಕ್ಕದ ಮನೆಯ ಬೇಲಿಯ ಸಂದಿನಿಂದ ದೊಡ್ಡಯ್ಯ ನಿಧಾನವಾಗಿ ನುಸುಳಿ ಬಂದ. ನೆಟ್ಟಗೆ ಹೆಂಟೆಯ ಗುಡ್ಡೆಗೆ ಹೋಗಿ, ಒಂದೂ ಉಳಿದಿಲ್ಲವೆಂದು ನಾನು ಹೇಳಿದ್ದ ಹುಳುಗಳಲ್ಲಿ ಒಂದನ್ನು ಕಚ್ಚಿಕೊಂಡು ನಮ್ಮೆಲ್ಲರನ್ನೂ ನೋಡಿದ. ನಾನು ಅವನನ್ನು ಎತ್ತಿ ಎದೆಗೆ ಅಪ್ಪಿಕೊಂಡೆ. ನೀಲಾಂಬಿಕ ಸೆರಗಿನಿಂದ ಮೊದಲು ಅವನ ಬೆನ್ನು ಒರೆಸಿದಳು, ಆಮೇಲೆ ನನ್ನ ಮುಖ ಒರೆಸಿದಳು.

ಪರಮಶಿವಪ್ಪನವರು ಈ ಬಗ್ಗೆ ವರದಿಯಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಬೂದಿಯನ್ನು ಒಳ್ಳೆಯ ಸರಕು ಎಂದವರು ಅವರೇ ಅಲ್ಲವೇ! ಆದರೆ ಜೀಪಿನ ಡ್ರೈವರ್ ಅಲ್ಲೇ ನಿಂತಿದ್ದ. ಶಿರಾಳಕೊಪ್ಪದ ಸಂತೆ ಒಂದು ಕಳೆಯುವಷ್ಟರಲ್ಲಿ ಸುದ್ದಿ ಊರೂರು ಸುತ್ತಿತ್ತು.

ಮುಂದಿನ ವಾರ ತೊಗರ್ಸಿಯಲ್ಲಿ ಸಭೆ. ನಾನಿನ್ನೂ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ, ಜಟ್ಟಪ್ಪ ಎದ್ದು ನಿಂತ. ಬಹಳ ವಿನಯದಿಂದ ಕೈಮುಗಿದ.

"ಸಾಹೇಬ್ರೆ, ಒಂದು ಅನುಮಾನ. ನಮ್ಮನೆ ಒಲೆ ಬೂದಿ ಹಾಕಿದ್ರೂ ನಡೀತತೇನ್ರಿ, ಇಲ್ಲಾ ಅಮ್ಮಾರ ಒಲೇದೇ ಆಗ್ಬೇಕೋ?"