ಹೆಂಡತಿಯ ಓದು, ನನ್ನ ಊಟ

ಕಷ್ಟಪಟ್ಟು ಓದಿದವರಿಗೆಲ್ಲ ಆ ಕಷ್ಟವನ್ನು ಹೇಳಿಕೊಳ್ಳುವ ಚಪಲ ಇರುತ್ತದೆ. ನನಗೂ ಇದೆ. ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು, ಏಳು ದಿನ ಏಳು ಮನೆಯಲ್ಲಿ ಉಂಡು ಬಿ.ಎ. ಮುಗಿಸಿದೆ ಎಂಬುದನ್ನು ನನ್ನ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಬುಧವಾರದ ಮನೆಯ ಹುಳಿಯಲ್ಲಿ ಉಪ್ಪು ಹೆಚ್ಚಿರುತ್ತಿತ್ತು ಎಂಬುದು ಅವರಿಗೂ ಬಾಯಿಪಾಠವಾಗಿದೆ. ಆದರೆ ನಲವತ್ತೆರಡನೆಯ ವಯಸ್ಸಿನಲ್ಲಿ, ಮದರಾಸಿನ ಮೌಂಟ್ ರೋಡಿನ ಒಂದು ಕಂಪೆನಿಯಲ್ಲಿ ಗುಮಾಸ್ತನಾಗಿದ್ದಾಗ, ಇನ್ನೊಂದು ಸಲ ಬಡ ವಿದ್ಯಾರ್ಥಿಗಳ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ. ಆ ಸಲ ಓದುತ್ತಿದ್ದವನು ನಾನಲ್ಲ, ನನ್ನ ಹೆಂಡತಿ.

ಕಮಲ ಮದುವೆಗೆ ಮುಂಚೆ ಇಂಟರ್‌ಮೀಡಿಯೆಟ್ ಪಾಸು ಮಾಡಿದ್ದಳು. ಆಮೇಲೆ ಇಬ್ಬರು ಮಕ್ಕಳಾದರು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವಷ್ಟು ಅವರು ದೊಡ್ಡವರೂ ಆದರು. ಒಂದು ದಿನ ಕಮಲ ಕಾಫಿ ಲೋಟ ಕೈಗಿಡುತ್ತ, ತಾನು ಬಿ.ಎ. ಓದಿ ಮೇಡಂ ಆಗಬೇಕೆಂದು ಹೇಳಿದಳು. ಅವಳಿಗೆ ಆಗ ಮೂವತ್ತನಾಲ್ಕು. ಹದಿನೈದು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತು ಅದು ಎಂದು ಅವಳ ಧ್ವನಿಯಲ್ಲೇ ಗೊತ್ತಾಯಿತು. ನಾನು ವಿಶಾಲ ಮನಸ್ಸಿನವನೆಂದು ಆಫೀಸಿನಲ್ಲಿ ಹೆಸರು ಪಡೆದಿದ್ದೆ, ಹಾಗಾಗಿ ಒಪ್ಪದೆ ವಿಧಿಯಿರಲಿಲ್ಲ. ಒಪ್ಪಿದ ಮೇಲೆ ಫೀಸಿನ ನೆನಪಾಯಿತು. ಕಾಲೇಜಿನಿಂದ ಫೀಸು ರಿಯಾಯಿತಿಯ ಅರ್ಜಿ ತಂದೆವು. ತಂದೆಯ ಸಂಬಳ ಎಷ್ಟು, ತಾಯಿ ಬದುಕಿದ್ದಾರೆಯೇ, ಅಣ್ಣತಮ್ಮಂದಿರು ಏನು ಓದುತ್ತಿದ್ದಾರೆ ಎಂದೆಲ್ಲ ಅದರಲ್ಲಿ ಕೇಳಿದ್ದರು. ಓದುವವಳೇ ತಾಯಿಯಾಗಿದ್ದರೆ ಏನು ಬರೆಯಬೇಕೆಂದು ಎಲ್ಲೂ ಇರಲಿಲ್ಲ. ಅಲ್ಲಿನ ಗುಮಾಸ್ತರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಿನಯದಿಂದಲೇ ವಾಪಸು ಕೊಟ್ಟರು.

ಕೊನೆಗೆ ಹೋದದ್ದು ಹೆಬ್ಬಾರರ ಹತ್ತಿರ. ಹೆಬ್ಬಾರರು ಕುಂದಾಪುರದ ಕಡೆಯವರು. ನಮ್ಮ ಆಫೀಸಿನ ಪಕ್ಕದಲ್ಲೇ ಅವರ ಹೋಟೆಲು. ಕನ್ನಡದ ಬಡ ಹುಡುಗರಿಗೆ ಸಹಾಯ ಮಾಡಲು ಒಂದು ನಿಧಿ ಇಟ್ಟಿದ್ದರು. ಅವರ ಅರ್ಜಿಯಲ್ಲಿ ನಾಲ್ಕೇ ಸಾಲು: ಹೆಸರು, ಓದು, ಸಹಾಯ ಬೇಕಾದ ಕಾರಣ, ಪೋಷಕರ ಸಹಿ. ಕಾರಣದ ಜಾಗ ಸಾಲದೆ ನಾನು ಬೇರೆ ಹಾಳೆ ಲಗತ್ತಿಸಿ, ಮನೆ ಬಾಡಿಗೆ, ಅಕ್ಕಿಯ ಧಾರಣೆ, ಸ್ತ್ರೀ ವಿದ್ಯಾಭ್ಯಾಸದ ಮಹತ್ವ ಎಲ್ಲವನ್ನೂ ಸೇರಿಸಿ ಒಂದೂವರೆ ಪುಟ ಬರೆದೆ. ಹೆಬ್ಬಾರರು ಅದನ್ನು ಮಡಿಸಿ ಗಲ್ಲಾಪೆಟ್ಟಿಗೆಯ ಅಡಿಗಿಟ್ಟರು.

“ಹಣ ಕೊಡುವ ಕ್ರಮ ನಮ್ಮಲ್ಲಿಲ್ಲ. ಊಟ ಹಾಕುವ ಕ್ರಮ ಉಂಟು,” ಎಂದರು. “ಆದ್ರೆ ಹುಡುಗರ ಪಂಕ್ತಿಯಲ್ಲಿ ಅಮ್ಮನವರು ಹೇಗೆ ಕೂತ್ಕೊಳ್ಳುದು? ಮಧ್ಯಾಹ್ನ ನೀವು ಎಲ್ಲಿ ಊಟ ಮಾಡುದು?”

ಕಮಲ ಬೆಳಿಗ್ಗೆಯೇ ಎದ್ದು ಕ್ಯಾರಿಯರು ಕಟ್ಟಿಕೊಡುತ್ತಾಳೆಂದೂ, ಕಾಲೇಜು ಶುರುವಾದರೆ ಅದು ಆಗದೆಂದೂ, ಆಗ ನಾನು ಹೋಟೆಲಿನಲ್ಲೇ ದುಡ್ಡು ಕೊಟ್ಟು ಉಣ್ಣಬೇಕಾಗುತ್ತದೆಂದೂ ವಿವರಿಸಿದೆ. ಹೆಬ್ಬಾರರಿಗೆ ದಾರಿ ಕಂಡಿತು. ಅಮ್ಮನವರ ಹೆಸರಿನ ಊಟವನ್ನು ನಾನು ಉಣ್ಣುವುದು, ಉಳಿದ ದುಡ್ಡನ್ನು ಫೀಸಿಗೆ ಕಟ್ಟುವುದು. ಒಂದೇ ಷರತ್ತು, ಪರೀಕ್ಷೆಯಲ್ಲಿ ಫೇಲಾದರೆ ಊಟ ನಿಲ್ಲುತ್ತದೆ. ಅದು ಎಲ್ಲ ಹುಡುಗರಿಗೂ ಇದ್ದ ನಿಯಮ.

ಹೀಗೆ ನಾನು ಹೋಟೆಲಿನ ಹಿಂಭಾಗದ ಹಾಲಿನಲ್ಲಿ, ಮೀಸೆ ಮೂಡುತ್ತಿದ್ದ ಹುಡುಗರ ಸಾಲಿನ ಕೊನೆಯಲ್ಲಿ, ಟೈ ಕಟ್ಟಿಕೊಂಡು ಎಲೆಯ ಮುಂದೆ ಕೂತೆ. ಸಾರು, ತುಪ್ಪ ಬಡಿಸುವ ಶೀನ ಭಟ್ಟರು ಪ್ರತಿ ಹುಡುಗನ ಹತ್ತಿರವೂ ಸೌಟು ಹಿಡಿದು ನಿಂತು ಓದಿನ ವಿಚಾರ ಕೇಳುತ್ತಿದ್ದರು. ನನ್ನ ಹತ್ತಿರ ಬಂದಾಗ ಅಮ್ಮನವರ ಇಂಗ್ಲಿಷು ಎಲ್ಲಿಗೆ ಬಂತು, ಚರಿತ್ರೆ ಎಷ್ಟಾಯಿತು ಎಂದು ಕೇಳುವರು. ಉತ್ತರ ತಡವರಿಸಿದರೆ ತುಪ್ಪ ಸಣ್ಣಗೆ ಬೀಳುತ್ತಿತ್ತೆಂದು ನನ್ನ ಗುಮಾನಿ. ಅಂತೂ ಹೆಂಡತಿಯ ಓದಿನಲ್ಲಿ ನನಗೆ ಅಲ್ಲಿಯವರೆಗೆ ಇಲ್ಲದಿದ್ದ ಆಸಕ್ತಿ ಹುಟ್ಟಿತು. ಮನೆಗೆ ಹೋದ ಕೂಡಲೇ ಪುಸ್ತಕ ಹಿಡಿದಿದ್ದಾಳೆಯೇ ಎಂದು ನೋಡುತ್ತಿದ್ದೆ. ಅವಳು ಒಗ್ಗರಣೆ ಹಾಕುತ್ತಿದ್ದರೆ, ಹೀಗೆ ಕಾಲ ಕಳೆದರೆ ಹೇಗೆ ಎಂದು ಬುದ್ಧಿ ಹೇಳುತ್ತಿದ್ದೆ. ಆ ಒಗ್ಗರಣೆ ನನ್ನ ರಾತ್ರಿಯ ಸಾರಿಗೆ ಎಂಬುದು ಆಗ ಹೊಳೆಯುತ್ತಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅರ್ಥಶಾಸ್ತ್ರವನ್ನು ನಾನೇ ಹೇಳಿಕೊಡುತ್ತೇನೆಂದು ಹೊರಟೆ. ಕಾಲೇಜಿನ ಮೇಡಂ ಬರೆಸಿದ ನೋಟ್ಸನ್ನು ಪಕ್ಕಕ್ಕಿಟ್ಟು, ಟ್ರಂಕಿನಿಂದ ನನ್ನ ಇಪ್ಪತ್ತು ವರ್ಷದ ಹಳೆಯ ನೋಟ್ಸು ತೆಗೆದೆ. ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚಿನ ನೋಟ್ಸು ಅದು. ಕಮಲ ಒಂದೆರಡು ಸಲ, ಈಗ ಪಂಚವಾರ್ಷಿಕ ಯೋಜನೆ ಅಂತೆಲ್ಲ ಇದೆಯಲ್ಲ ಎಂದಳು. ತತ್ವ ಬದಲಾಗುವುದಿಲ್ಲ ಎಂದೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಬಂತು. ಎಲ್ಲದರಲ್ಲೂ ಐವತ್ತರ ಮೇಲೆ, ಅರ್ಥಶಾಸ್ತ್ರದಲ್ಲಿ ಇಪ್ಪತ್ತೊಂದು.

ಆ ದಿನ ಕಮಲ ಅಳಲಿಲ್ಲ. ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. ಊಟ ನಿಂತರೆ ಫೀಸಿಗೆ ದುಡ್ಡಿಲ್ಲ, ಫೀಸಿಲ್ಲದಿದ್ದರೆ ಕಾಲೇಜಿಲ್ಲ ಎಂಬ ಲೆಕ್ಕ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಮಾರನೆಯ ದಿನ ಇಬ್ಬರೂ ಹೆಬ್ಬಾರರ ಮುಂದೆ ನಿಂತೆವು. ಅವರು ಅಂಕಪಟ್ಟಿಯ ಮೇಲೆ ಬೆರಳಾಡಿಸಿ, ಇದೊಂದರಲ್ಲಿ ಯಾಕೆ ಹೀಗೆ ಎಂದು ಕೇಳಿದರು. ಕಮಲ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದಳು. ನನ್ನ ಮಾನ ಕಾಪಾಡುತ್ತಿದ್ದಾಳೆಂದು ಅರ್ಥವಾಯಿತು. ಅದನ್ನು ಹೇಳಿಕೊಟ್ಟವನು ನಾನು ಎಂದು ಒಪ್ಪಿಕೊಂಡೆ.

“ಹಾಗಾದ್ರೆ ಫೇಲಾದ್ದು ನೀವು,” ಎಂದರು ಹೆಬ್ಬಾರರು, ಸ್ವಲ್ಪವೂ ನಗದೆ. “ನಿಮ್ಮ ಊಟ ನಿಲ್ಲಿಸುವ. ಅಮ್ಮನವರ ಊಟ ಅಮ್ಮನವರಿಗೇ ಹೋಗ್ಲಿ. ಕ್ಯಾರಿಯರು ತುಂಬಿಸಿ ಕೊಡ್ತೇವೆ, ಕಾಲೇಜಿಗೆ ಮುಟ್ಟಿಸುದು ನೀವು.”

ಅಲ್ಲಿಂದ ಮುಂದೆ ಮಧ್ಯಾಹ್ನ ಕ್ಯಾರಿಯರು ಹಿಡಿದು ಎರಡು ಸ್ಟಾಪು ಬಸ್ಸಿನಲ್ಲಿ ಹೋಗಿ, ಕಾಲೇಜಿನ ಗೇಟಿನಲ್ಲಿ ಬಿಸಿಲಿಗೆ ನಿಲ್ಲುವುದು ನನ್ನ ಪಾಲಿಗೆ ಬಂತು. ಮೊದಲ ದಿನ ವಾಚ್‌ಮನ್, “ಪೊಣ್ಣು ಎಂದ ಕ್ಲಾಸ್ ಸಾರ್?” ಎಂದು ತಮಿಳಿನಲ್ಲಿ ಮಗಳು ಯಾವ ಕ್ಲಾಸೆಂದು ಕೇಳಿದ. ಮಗಳಲ್ಲಪ್ಪ, ಹೆಂಡತಿ ಎಂದು ಹೇಳಲು ನಾಚಿಕೆಯಾಗಿ ಬಿ.ಎ. ಎಂದಷ್ಟೇ ಹೇಳಿದೆ. ನನ್ನ ಮಧ್ಯಾಹ್ನಕ್ಕೆ ಬೆಳಿಗ್ಗೆ ನಾನೇ ಡಬ್ಬಿಯಲ್ಲಿ ಮೊಸರನ್ನ ಕಲಸಿಕೊಳ್ಳುತ್ತಿದ್ದೆ. ಮೊದಮೊದಲು ಗಂಟುಗಂಟಾಗಿರುತ್ತಿತ್ತು, ಉಪ್ಪು ಮರೆತಿರುತ್ತಿತ್ತು. ಒಂದು ತಿಂಗಳಲ್ಲಿ ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕುವಷ್ಟು ಪ್ರಗತಿಯಾಯಿತು. ಅರ್ಥಶಾಸ್ತ್ರಕ್ಕೆ ಕಮಲ ಮೇಡಂ ನೋಟ್ಸನ್ನೇ ಓದಿದಳು. ನನ್ನ ನೋಟ್ಸಿನ ಹಾಳೆಗಳು ಡಬ್ಬಿ ಸುತ್ತಲು ಬಂದವು. ವರ್ಷದ ಪರೀಕ್ಷೆಯಲ್ಲಿ ಅವಳಿಗೆ ಅರ್ಥಶಾಸ್ತ್ರದಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ.

ಮರುವರ್ಷ ಹೆಬ್ಬಾರರ ಹೋಟೆಲಿನಿಂದ ಹೊಸ ಅರ್ಜಿ ತಂದೆ. ಪೆನ್ನಿಗೆ ಮಸಿ ತುಂಬಿಸಿ, ಈ ಸಲ ಎರಡು ಪುಟ ಬರೆಯುವ ಹುರುಪಿನಲ್ಲಿ ಕೂತಿದ್ದೆ. ಕಮಲ ಬಂದು ಅರ್ಜಿಯನ್ನು ಮೆತ್ತಗೆ ಎಳೆದುಕೊಂಡಳು.

“ಈ ವರ್ಷ ಬೇಡ ರೀ. ನಮ್ಮ ಊಟ ಬೇರೆ ಯಾರಿಗಾದ್ರೂ ಹೋಗ್ಲಿ. ನೀವು ಬೆಳಿಗ್ಗೆ ಕಲಸೋ ಮೊಸರನ್ನ ಇನ್ನೊಂದು ಹಿಡಿ ಹೆಚ್ಚಿಗೆ ಕಲಸಿದ್ರೆ ನನಗೂ ಸಾಕು. ಹೋದ ವರ್ಷಾನೇ ನೀವು ಇದನ್ನ ಕಲಿತಿದ್ರೆ, ಅರ್ಜಿ ಹಾಕೋ ಪ್ರಮೇಯವೇ ಬರ್ತಿರ್ಲಿಲ್ಲ.”

ಅವಳು ಅರ್ಜಿಯ ಹಿಂದೆ ಸಾಮಾನಿನ ಪಟ್ಟಿ ಬರೆಯತೊಡಗಿದಳು. ಪಟ್ಟಿಯಲ್ಲಿ ಮೊದಲನೆಯದು ಸಾಸಿವೆ. ನಾನು ಹೋದ ವರ್ಷದ ಅರ್ಜಿಯನ್ನು ನೆನಪು ಮಾಡಿಕೊಂಡೆ. ಸಹಾಯ ಬೇಕಾದ ಕಾರಣ ಎಂಬಲ್ಲಿ ಬಾಡಿಗೆಯಿಂದ ಹಿಡಿದು ಅಕ್ಕಿಯವರೆಗೆ ಒಂದೂವರೆ ಪುಟ ಬರೆದಿದ್ದೆನಲ್ಲ, ಅದರಲ್ಲಿ ಯಾವುದೂ ಕಾರಣವಾಗಿರಲಿಲ್ಲ. ನಿಜವಾದ ಕಾರಣ ಅದರ ಕೆಳಗೆ, ಪೋಷಕರು ಎಂದಿದ್ದ ಜಾಗದಲ್ಲಿ, ದೊಡ್ಡದಾಗಿ ಸಹಿ ಹಾಕಿತ್ತು.